ರಾಗಿಯ ಜೊತೆ ಅಕ್ಕಡಿಯನ್ನೂ ಕೊಂಡ ಬಗೆ

ತುಮಕೂರು ಜಿಲ್ಲೆಯಲ್ಲಿ ರಾಗಿ ಹಿಟ್ಟು ಮತ್ತು ಮಾಲ್ಟ್ ತಯಾರಿಸುವ ಸಣ್ಣ ಘಟಕವೊಂದನ್ನು ನಾನು ನಡೆಸುತ್ತಿದ್ದೇನೆ. ಆಹಾರ ಕಂಪನಿಗಳು ಜೀವವೈವಿಧ್ಯ ಉಳಿಸಲು ಏನು ಮಾಡಬೇಕು ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟೇ: ಹೊಲದಲ್ಲಿ ಏನೇನು ಬೆಳೆಯುತ್ತದೆಯೋ ಅದನ್ನೆಲ್ಲ ಕೊಳ್ಳಿ. ಸಸಿ ನೆಡುವ ಕಾರ್ಯಕ್ರಮಗಳೆಲ್ಲ ಆಮೇಲಿನ ಮಾತು.

ನಮ್ಮ ಸೀಮೆಯ ರಾಗಿ ಹಿಂದೆ ಒಂಟಿಯಾಗಿ ಬೆಳೆಯುತ್ತಿರಲಿಲ್ಲ. ಕೂರಿಗೆಯಲ್ಲಿ ರಾಗಿ ಬಿತ್ತುವಾಗಲೇ ಹಿಂದೆ ಸಡ್ಡೆ, ಅಂದರೆ ಬೀಜ ಬಿಡುವ ಕೊಳವೆ ಕಟ್ಟಿ, ಆರೆಂಟು ಸಾಲಿಗೊಂದರಂತೆ ಅಕ್ಕಡಿ, ಅಂದರೆ ರಾಗಿಯ ನಡುವೆ ಬೇರೆ ಬೆಳೆಗಳ ಸಾಲು ಬಿಡುತ್ತಿದ್ದರು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಅಂಚಿನಲ್ಲಿ ಜೋಳ ಮತ್ತು ಹರಳು. ರಾಗಿಯ ಹೂವಿನಲ್ಲಿ ಜೇನಿಗೆ ಮಕರಂದವಿಲ್ಲ. ಅದು ತನ್ನಷ್ಟಕ್ಕೆ ತಾನೇ ಕಾಳು ಕಟ್ಟುತ್ತದೆ. ಹುಚ್ಚೆಳ್ಳಿನದು ಇದಕ್ಕೆ ತದ್ವಿರುದ್ಧ. ತನ್ನದೇ ಪರಾಗದಿಂದ ಅದು ಕಾಳು ಕಟ್ಟಲಾರದು, ದುಂಬಿಯೋ ಜೇನೋ ಬರಲೇಬೇಕು. ಹಾಗಾಗಿ ಹುಚ್ಚೆಳ್ಳು ಹೂಬಿಟ್ಟ ವಾರಗಳಲ್ಲಿ ತುಡುವೆ, ಕೋಲುಜೇನು, ಹೆಜ್ಜೇನು ಮೂರನ್ನೂ ಒಂದೇ ಹೊಲದಲ್ಲಿ ಕಾಣಬಹುದು. ಸೊಗಡಿನ ಅವರೆ ಹಗಲು ಕಿರಿದಾದ ಮೇಲೆ ಹೂ ಬಿಡುವ ಜಾತಿ. ರಾಗಿ ಕೊಯ್ದು ಮೆದೆ ಹಾಕಿದ ಮೇಲೂ ಅದು ಹೊಲವನ್ನು ಹಸಿರಾಗಿಡುತ್ತದೆ, ಬೇರುಗಂಟುಗಳ ಮೂಲಕ ಮಣ್ಣಿಗೆ ಸಾರಜನಕ ಸೇರಿಸುತ್ತದೆ.

ಇಂಥ ಪದ್ಧತಿ ಏಕೆ ಕರಗುತ್ತಿದೆ? ಆಳುಗಳ ಕೊರತೆ ಒಂದು ಕಾರಣ, ಕಟಾವು ಯಂತ್ರ ಇನ್ನೊಂದು. ಆದರೆ ನಾವು ಕೊಳ್ಳುವವರು ಕೂಡ ದೊಡ್ಡ ಕಾರಣ, ಇದನ್ನು ಹೇಳುವವರು ಕಡಿಮೆ. 2024-25ರಲ್ಲಿ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಲ್‌ಗೆ 4,290 ರೂಪಾಯಿ, ಹುಚ್ಚೆಳ್ಳಿಗೆ 8,717 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಹುಚ್ಚೆಳ್ಳಿನ ಬೆಲೆ ದುಪ್ಪಟ್ಟು. ಆದರೂ ಒಂದು ಎಕರೆಯ ಅಕ್ಕಡಿಯಲ್ಲಿ ಸಿಗುವ ಹತ್ತಿಪ್ಪತ್ತು ಕಿಲೋ ಕಾಳನ್ನು ಹೊತ್ತುಕೊಂಡು ರೈತ ಎಲ್ಲಿಗೆ ಹೋಗಬೇಕು? ಲಾರಿಗಟ್ಟಲೆ ಕೊಳ್ಳುವ ವ್ಯಾಪಾರಿಗೆ ಅದು ಲೆಕ್ಕಕ್ಕೇ ಇಲ್ಲ. ಕೊಳ್ಳುವವರಿಲ್ಲದ ಕಾಳನ್ನು ಮನೆಯ ಒಗ್ಗರಣೆಗೆ, ಚಟ್ನಿಪುಡಿಗೆ ಬೇಕಾದಷ್ಟು ಬಿತ್ತುತ್ತಾರೆ, ಮುಂದೆ ಅದನ್ನೂ ಬಿಡುತ್ತಾರೆ.

ಹಾಗಾಗಿ ನಮ್ಮ ಖರೀದಿಯ ಮಾತುಕತೆಯನ್ನು ಸುಗ್ಗಿಯಿಂದ ಬಿತ್ತನೆಗೆ ಸರಿಸಿದೆವು. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದೇ. ಹೊಲದಲ್ಲಿ ಏನಿರಬೇಕು ಎಂಬುದು ಕಣದಲ್ಲಿ ತೀರ್ಮಾನವಾಗುವುದಿಲ್ಲ. ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ ಮನೆಯಲ್ಲಿ ಯಾವ ಬೀಜವಿದೆ, ಯಾವುದನ್ನು ಕೊಳ್ಳುವವರಿದ್ದಾರೆ ಎಂಬುದರ ಮೇಲೆ ತೀರ್ಮಾನವಾಗುತ್ತದೆ. ಜೂನ್‌ನಲ್ಲೇ ಹಳ್ಳಿಗಳಲ್ಲಿ ಕುಳಿತು, ಅಕ್ಕಡಿ ಕಾಳು ಎಷ್ಟೇ ಬಂದರೂ, ಐದು ಕಿಲೋ ಆದರೂ, ಮೊದಲೇ ಒಪ್ಪಿದ ಬೆಲೆಗೆ ಕೊಳ್ಳುತ್ತೇವೆ ಎಂದು ಕನ್ನಡದಲ್ಲಿ ಬರೆದು ಸಹಿ ಹಾಕಿ ಕೊಡುತ್ತೇವೆ. ಅಕ್ಕಡಿ ಸಾಲು ನಿಂತ ಹೊಲದ ರಾಗಿಗೂ ಪೇಟೆಯ ದರಕ್ಕಿಂತ ಹೆಚ್ಚು ಕೊಡುತ್ತೇವೆ. ಬೀಜವಿಲ್ಲದವರಿಗೆ ಬೀಜ ಕೊಟ್ಟು, ಸುಗ್ಗಿಯಲ್ಲಿ ಎರಡರಷ್ಟು ಹಿಂದಕ್ಕೆ ಪಡೆದು ಮುಂದಿನ ಮನೆಗೆ ದಾಟಿಸುತ್ತೇವೆ. ಇದೇನೂ ನಮ್ಮ ಶೋಧವಲ್ಲ. ತೆಲಂಗಾಣದ ಜಹೀರಾಬಾದ್ ಸುತ್ತಮುತ್ತ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು ಬೀಜವನ್ನು ಹೀಗೆಯೇ ಕೈಯಿಂದ ಕೈಗೆ ಉಳಿಸಿಕೊಂಡು ಬಂದವರು; 2019ರಲ್ಲಿ ಅವರ ಕೆಲಸಕ್ಕೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂದಿತು.

ಇನ್ನು ಗುಣಮಟ್ಟದ ಪಟ್ಟಿಯ ವಿಷಯ. ಜೀವವೈವಿಧ್ಯ ಸದ್ದಿಲ್ಲದೆ ಸಾಯುವುದು ಇಲ್ಲಿಯೇ. ನಮ್ಮಿಂದ ಹಿಟ್ಟು ಕೊಳ್ಳುತ್ತಿದ್ದ ದೊಡ್ಡ ಖರೀದಿದಾರರೊಬ್ಬರು ವರ್ಷವಿಡೀ ಒಂದೇ ಬಣ್ಣ ಬೇಕೆಂದು ಪಟ್ಟು ಹಿಡಿದಿದ್ದರು. ಒಂದೇ ಬಣ್ಣವೆಂದರೆ ಒಂದೇ ತಳಿ ಎಂದೇ ಅರ್ಥ. ಉಂಡೆ ರಾಗಿ, ಪಿಚ್ಚಕಡ್ಡಿ, ಬಿಳಿ ರಾಗಿ, ಯಾವುದಕ್ಕೂ ಆ ಪಟ್ಟಿಯಲ್ಲಿ ಜಾಗವಿಲ್ಲ. ಆ ವ್ಯವಹಾರವನ್ನು ಕೈಬಿಟ್ಟು ನಮ್ಮ ಪಟ್ಟಿಯನ್ನು ನಾವೇ ತಿದ್ದಿದೆವು. ತೇವಾಂಶ, ಕಲ್ಲು, ಬೂಷ್ಟು, ಈ ಮೂರರಲ್ಲಿ ರಾಜಿಯಿಲ್ಲ. ಬಣ್ಣದಲ್ಲಿ, ಕಾಳಿನ ಗಾತ್ರದಲ್ಲಿ ಎಷ್ಟು ಏರುಪೇರಾದರೂ ಸರಿ. ಹಿಟ್ಟಿನ ಬಣ್ಣ ತಳಿಯಿಂದ ತಳಿಗೆ ಬದಲಾಗುತ್ತದೆ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಿದೆವು. ಗ್ರಾಹಕರು ಓದಿದರು, ಒಪ್ಪಿದರು. ಜನರ ತಿಳಿವಳಿಕೆಯನ್ನು ಕಂಪನಿಗಳು ವಿನಾಕಾರಣ ಕಡಿಮೆ ಅಂದಾಜು ಮಾಡುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ.

ತಪಾಸಣೆಗೆ ಅಕ್ಕಡಿಯೇ ಒಂದು ದಾರಿ ಮಾಡಿಕೊಟ್ಟಿತು. ರಾಗಿ ಹೊಲದ ಕಳೆಗೆ ಈಗ ಕೆಲವರು ಸಿಂಪಡಿಸುವ 2,4-ಡಿ ಅಗಲ ಎಲೆಯ ಗಿಡಗಳನ್ನು ಕೊಲ್ಲುವ ಔಷಧ. ಅದು ರಾಗಿಯನ್ನು ಬಿಟ್ಟು ಅವರೆ, ಹುಚ್ಚೆಳ್ಳನ್ನು ಸುಡುತ್ತದೆ. ಅಣ್ಣೆ, ಗಣಿಕೆಯಂತಹ ಬೆರಕೆ ಸೊಪ್ಪಿನ ಗತಿಯೂ ಅದೇ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಅಕ್ಕಡಿ ಸಾಲು ನಳನಳಿಸುತ್ತಿದ್ದರೆ ಆ ಔಷಧ ಹೊಲಕ್ಕೆ ಬಿದ್ದಿಲ್ಲ ಎಂದು ಕಣ್ಣಿನಿಂದಲೇ ತಿಳಿಯುತ್ತದೆ. ಅವರೆಯ ಕಾಯಿಕೊರಕಕ್ಕೆ ಹೊಡೆಯುವ ಕೀಟನಾಶಕ ಹೀಗೆ ಪತ್ತೆಯಾಗುವುದಿಲ್ಲ. ಅದಕ್ಕೆ ಕಾಳನ್ನು ಪ್ರಯೋಗಾಲಯಕ್ಕೆ ಕಳಿಸಲೇಬೇಕು, ಆ ಖರ್ಚು ನಮ್ಮದು.

ನಿಜವಾದ ಕಷ್ಟ ಉಗ್ರಾಣದ್ದು. ಹತ್ತಾರು ಮನೆಗಳಿಂದ ಪುಟ್ಟ ಪುಟ್ಟ ಚೀಲಗಳಲ್ಲಿ ಬರುವ ಕಾಳನ್ನು ತೂಗಿ, ಗುರುತು ಹಾಕಿ, ಕೇರಿ, ಒಣಗಿಸಿ ಇಡಬೇಕು. ಅವರೆ, ತೊಗರಿಗೆ ಹುಳು ಬಹು ಬೇಗ ಬೀಳುತ್ತದೆ. ಬೀಜದ ಕಾಳಿಗೆ ನಮ್ಮ ಹೆಂಗಸರು ಹಳೆಯ ರೀತಿಯಲ್ಲೇ ಕೆಮ್ಮಣ್ಣು ಕಟ್ಟುತ್ತಾರೆ. ಮಾರುವ ಕಾಳನ್ನು ಗಾಳಿಯಾಡದ ಚೀಲಗಳಲ್ಲಿ ತುಂಬುತ್ತೇವೆ. ಕೇರಿ ಆರಿಸುವ ಕೂಲಿಯನ್ನು ಮೊದಲೇ ಬೆಲೆಯಲ್ಲಿ ಸೇರಿಸದಿದ್ದರೆ ಈ ಕೆಲಸ ಎರಡನೆಯ ಸುಗ್ಗಿ ಕಾಣುವುದಿಲ್ಲ. ಹುಚ್ಚೆಳ್ಳು ಚಟ್ನಿಪುಡಿಯಾಗಿ, ಅವರೆ ಬೇಳೆಯಾಗಿ, ಸಾಸಿವೆ ಹಾಗೆಯೇ ಸಣ್ಣ ಪೊಟ್ಟಣಗಳಲ್ಲಿ ಮಾರಾಟವಾಗುತ್ತಿದೆ. ಚಟ್ನಿಪುಡಿಯ ಲಾಭ ಹಿಟ್ಟಿನದಕ್ಕಿಂತ ಚೆನ್ನಾಗಿದೆ.

2022ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಿತವಾದ ಜಾಗತಿಕ ಜೀವವೈವಿಧ್ಯ ಚೌಕಟ್ಟಿನ 15ನೇ ಗುರಿ ದೊಡ್ಡ ಕಂಪನಿಗಳಿಗೆ ಸಂಬಂಧಿಸಿದ್ದು. ತಮ್ಮ ಪೂರೈಕೆ ಸರಪಳಿಯಿಂದ ಜೀವವೈವಿಧ್ಯದ ಮೇಲಾಗುವ ಪರಿಣಾಮವನ್ನು ಅವು ಅಳೆದು ಬಹಿರಂಗಪಡಿಸುವಂತೆ ಸರ್ಕಾರಗಳು ನೋಡಿಕೊಳ್ಳಬೇಕು. ಅಳೆಯುವವರಿಗೆ ನಾನು ಕೇಳುವುದು ಇದನ್ನು: ನೀವು ರಾಗಿ ಕೊಳ್ಳುವ ಹಳ್ಳಿಯಲ್ಲಿ ರಾಗಿಯ ಜೊತೆ ಬೆಳೆದ ಇನ್ನೆಷ್ಟು ಬೆಳೆಗಳನ್ನು ಕೊಂಡಿರಿ? ವರದಿಯಲ್ಲಿ ಆ ಅಂಕಿಯೂ ಇರಲಿ.

ನಮ್ಮಲ್ಲೂ ಆ ಲೆಕ್ಕ ಇನ್ನೂ ಪೂರ್ತಿಯಾಗಿಲ್ಲ. ಹರಳಿಗೆ ನಮ್ಮ ಘಟಕದಲ್ಲಿ ಉಪಯೋಗವಿಲ್ಲ, ಗಾಣದವರೊಬ್ಬರ ಜೊತೆ ಮಾತು ನಡೆದಿದೆ. ಅಂಚಿನ ಜೋಳದ ಬಹುಪಾಲು ಹಕ್ಕಿಗಳ ಪಾಲಾಗುತ್ತದೆ. ಅದರ ಬೆಲೆಯನ್ನೂ ರೈತರಿಗೆ ತುಂಬಿಕೊಡುವುದು ಹೇಗೆಂದು ಈ ಜೂನ್‌ನ ಸಭೆಯಲ್ಲಿ ಚರ್ಚಿಸಲಿದ್ದೇವೆ.