ಒಂದೇ ಕೆಂಪು ಡೆಕ್ ನಂಬಿ ಪ್ರೊ ಟೂರ್ ತಲುಪಿದ್ದು: ನನ್ನ ಅನುಭವ

ಮ್ಯಾಜಿಕ್: ದ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟದಲ್ಲಿ ಬರೀ ಕೆಂಪು ಬಣ್ಣದ ಕಾರ್ಡ್‌ಗಳ ಡೆಕ್ ಆಡಿ, ಅದರ ದೊಡ್ಡ ಪಂದ್ಯಾವಳಿಯಾದ ಪ್ರೊ ಟೂರ್ ತನಕ ಹೋಗೋಕಾಗಲ್ಲ ಅಂತ ನನಗೆ ಹೇಳದವರೇ ಇಲ್ಲ. ನ್ಯೂಜೆರ್ಸಿಯ ನಮ್ಮ ಕಾರ್ಡ್ ಅಂಗಡಿಯ ಗೆಳೆಯರು ಹೇಳಿದರು. ಹಾಸನದಿಂದ ಅಪ್ಪ ಫೋನ್ ಮಾಡಿದಾಗಲೆಲ್ಲ, "ಎಲೆ ಆಡಿ ಉದ್ಧಾರ ಆದವರನ್ನು ನಾನಂತೂ ನೋಡಿಲ್ಲಪ್ಪ" ಅಂದರು. ಈ ವರ್ಷ ಪ್ರೊ ಟೂರ್ ಆಡಿದೆ. ಎರಡನೇ ದಿನಕ್ಕೂ ಉಳಿದುಕೊಂಡೆ. ಎಲ್ಲ ಖರ್ಚು ಕಳೆದ ಮೇಲೂ ಕೈಯಲ್ಲಿ ದುಡ್ಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮ್ಯಾಜಿಕ್ ಆಡುವವರಿಗೆ ನಿಯಮ ಹೇಳುವ ಅಗತ್ಯ ಇಲ್ಲ. ನೇರವಾಗಿ ದುಡ್ಡಿನ ವಿಷಯಕ್ಕೆ ಬರುತ್ತೇನೆ. 2019ರಲ್ಲಿ ಮ್ಯಾಜಿಕ್ ಪ್ರೊ ಲೀಗ್ ಶುರುವಾದಾಗ 32 ಜನರಿಗೆ ತಲಾ 75,000 ಡಾಲರ್ ಒಪ್ಪಂದ ಸಿಕ್ಕಿತ್ತು. ಆಗ ನಾವೆಲ್ಲ ಕನಸು ಕಂಡೆವು. ಆ ಲೀಗ್ ಈಗ ಇಲ್ಲ. ಈಗಿನ ದಾರಿ ಬೇರೆ. ಅಂಗಡಿಯಲ್ಲಿ ಆರ್‌ಸಿಕ್ಯೂ (ರೀಜನಲ್ ಚಾಂಪಿಯನ್‌ಶಿಪ್‌ಗೆ ಅರ್ಹತಾ ಪಂದ್ಯ) ಗೆಲ್ಲಬೇಕು, ಅಲ್ಲಿಂದ ರೀಜನಲ್ ಚಾಂಪಿಯನ್‌ಶಿಪ್, ಅಲ್ಲಿ ಮೇಲಿನ ಸಾಲಿಗೆ ಬಂದರೆ ಪ್ರೊ ಟೂರ್. ಸಂಬಳ ಕೊಡುವವರು ಯಾರೂ ಇಲ್ಲ. ಹಾಗಾಗಿ ಬಹುಮಾನದ ಆಸೆಗಿಂತ ಖರ್ಚಿನ ಮೇಲೆ ಹಿಡಿತ ಮುಖ್ಯ. ನನ್ನ ಇಡೀ ವಿಧಾನ ನಿಂತಿರುವುದು ಇದರ ಮೇಲೆ.

ಕೆಂಪೇ ಯಾಕೆ? ಮೊದಲನೆಯದು, ಅಗ್ಗ. ಕಾರ್ಡ್ ಆಡಲು ಬೇಕಾದ ಶಕ್ತಿ, ಅಂದರೆ ಮಾನಾ, ಕೊಡುವುದು ಲ್ಯಾಂಡ್ ಕಾರ್ಡ್‌ಗಳು. ಕೆಂಪಿನ ಸಾದಾ ಲ್ಯಾಂಡ್ ಮೌಂಟನ್, ಅದಕ್ಕೆ ಯಾರೂ ದುಡ್ಡು ಕೇಳಲ್ಲ. ಮೂರು ಬಣ್ಣದ ಡೆಕ್‌ನವರು ಬರೀ ಲ್ಯಾಂಡ್‌ಗೆ ಇನ್ನೂರು ಮುನ್ನೂರು ಡಾಲರ್ ಸುರಿಯುತ್ತಾರೆ. ಎರಡನೆಯದು, ಇದನ್ನು ಜಾಸ್ತಿ ಜನ ಗಮನಿಸಲ್ಲ, ಸಮಯ. ರೌಂಡ್ 50 ನಿಮಿಷ. ಕೆಂಪು ವೇಗದ ದಾಳಿಯ ಡೆಕ್, ಹಾಗಾಗಿ ನಾನು ಗೆದ್ದರೂ ಸೋತರೂ ಸುಮಾರು 20-25 ನಿಮಿಷಕ್ಕೆ ಎದ್ದುಬಿಡುತ್ತೇನೆ. ಹೊರಗೆ ಹೋಗಿ ಗಾಳಿ ಕುಡಿದು, ಡಬ್ಬಿಯಲ್ಲಿ ತಂದ ಚಿತ್ರಾನ್ನ ತಿಂದು, ಕಣ್ಣು ಮುಚ್ಚಿ ಕೂರುತ್ತೇನೆ. ಆಟ ಎಳೆದು ನಿಧಾನಕ್ಕೆ ಗೆಲ್ಲುವ ಕಂಟ್ರೋಲ್ ಡೆಕ್‌ನವರು ಪ್ರತಿ ರೌಂಡ್ ಗಡಿಯಾರ ಮುಗಿಯುವ ತನಕ ತಲೆ ಕೆಡಿಸಿಕೊಂಡಿರುತ್ತಾರೆ. ಎಂಟನೇ ರೌಂಡ್‌ನಲ್ಲಿ ನನ್ನ ಎದುರು ಕೂತಾಗ ಅವರು ನನ್ನ ದಾಳಿ ತಡೆಯುವುದರಲ್ಲೇ (ಬ್ಲಾಕ್) ಎಡವುತ್ತಾರೆ. ಆ ಸುಸ್ತಿನಿಂದ ನನಗೆ ಸಿಕ್ಕ ಗೆಲುವುಗಳು ಬಹಳ.

ಕೆಂಪು ಡೆಕ್ ಅಂದರೆ ತಲೆ ಬೇಡ ಅನ್ನುವವರಿಗೆ ಒಂದು ಮಾತು. 1996ರಲ್ಲಿ ಅಟ್ಲಾಂಟಾದ ಅರ್ಹತಾ ಪಂದ್ಯದಲ್ಲಿ ಪಾಲ್ ಸ್ಲೈ ಎರಡನೇ ಸ್ಥಾನಕ್ಕೆ ಬಂದಿದ್ದು ಇಂಥದ್ದೇ ಡೆಕ್‌ನಿಂದ. ಅದರಲ್ಲಿದ್ದ ಕಾರ್ಡ್‌ಗಳನ್ನು ಆಗ ಬಹಳ ಜನ ಕಸ ಅಂದಿದ್ದರು. 2017ರಲ್ಲಿ ಕ್ಯೋಟೋ ಪ್ರೊ ಟೂರ್ ಗೆದ್ದ ಬ್ರೆಜಿಲ್‌ನ ಪಾಲೊ ವಿಟರ್ ಡಾಮೊ ಡ ರೋಸಾ ಆಡಿದ್ದೂ ರಮುನಾಪ್ ರೆಡ್ ಅನ್ನುವ ಕೆಂಪು ಡೆಕ್. ಅವರಿಗಿಂತ ತಲೆ ಓಡಿಸುವ ಆಟಗಾರರು ಎಷ್ಟು ಜನ ಇದ್ದಾರೆ ಹೇಳಿ?

ಇನ್ನು ಪೆಟ್ಟು ತಿಂದ ಕಥೆ. 2025ರ ಜೂನ್ 30ಕ್ಕೆ ಸ್ಟ್ಯಾಂಡರ್ಡ್‌ನಲ್ಲಿ (ಇತ್ತೀಚಿನ ಸೆಟ್‌ಗಳ ಕಾರ್ಡ್ ಮಾತ್ರ ಆಡುವ ಮಾದರಿ) ಒಟ್ಟಿಗೆ ಏಳು ಕಾರ್ಡ್ ಬ್ಯಾನ್ ಆದವು. ಮಾನ್‌ಸ್ಟ್ರಸ್ ರೇಜ್ ಹೋಯಿತು, ಹಾರ್ಟ್‌ಫೈರ್ ಹೀರೊ ಹೋಯಿತು. ನನ್ನ ಡೆಕ್‌ನ ಬೆನ್ನುಮೂಳೆಯೇ ಮುರಿಯಿತು. ಗೆಳೆಯರೆಲ್ಲ ಬೇರೆ ಬಣ್ಣಕ್ಕೆ ಹೋದರು, ನನ್ನನ್ನೂ ಕರೆದರು. ನಾನು ಹೋಗಲಿಲ್ಲ. ಹೈರ್ಡ್ ಕ್ಲಾ, ಬರ್ಸ್ಟ್ ಲೈಟ್ನಿಂಗ್, ಸ್ಕ್ರೀಮಿಂಗ್ ನೆಮಿಸಿಸ್ ಉಳಿದಿದ್ದವಲ್ಲ, ಅವುಗಳ ಸುತ್ತ ಮತ್ತೆ ಕಟ್ಟಿದೆ. ಆಮೇಲಿನ ಎರಡು ಮೂರು ತಿಂಗಳು ಬರೀ ಸೋಲು. ಆರ್‌ಸಿಕ್ಯೂ ಪ್ರವೇಶಕ್ಕೆ ಪ್ರತಿ ಸಲ 30-40 ಡಾಲರ್, ಪೆಟ್ರೋಲ್, ಟೋಲ್ ಸೇರಿ ಏಳುನೂರರ ಹತ್ತಿರ ಕರಗಿತು. ಒಂದು ಅಂಗಡಿಯಲ್ಲಿ ಫೈನಲ್ ಸೋತಾಗ ನಗದು ಅಂತ ಹೇಳಿದ್ದ ಬಹುಮಾನವನ್ನು ಕೊನೆಗೆ ಸ್ಟೋರ್ ಕ್ರೆಡಿಟ್ ಮಾಡಿಬಿಟ್ಟರು. ಆ ಅಂಗಡಿಗೆ ಮತ್ತೆ ಕಾಲಿಟ್ಟಿಲ್ಲ.

ಆ ತಿಂಗಳುಗಳಲ್ಲೇ ಡೆಕ್‌ನಲ್ಲಿ ಎಷ್ಟು ಲ್ಯಾಂಡ್ ಇರಬೇಕು ಅನ್ನುವ ಪ್ರಯೋಗ ಮಾಡಿದ್ದು. 21, 22, 23 ಮೂರನ್ನೂ ಮ್ಯಾಜಿಕ್‌ನ ಆನ್‌ಲೈನ್ ರೂಪವಾದ ಅರೀನಾದಲ್ಲಿ ತಲಾ ನೂರಕ್ಕೂ ಹೆಚ್ಚು ಆಟ ಆಡಿ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. 21ರಲ್ಲಿ ಮೊದಲ ಆಟ ಜಾಸ್ತಿ ಗೆದ್ದೆ. ಮೊದಲ ಆಟದ ನಂತರ ಸೈಡ್‌ಬೋರ್ಡ್‌ನಿಂದ, ಅಂದರೆ ಮೀಸಲು ಕಾರ್ಡ್‌ಗಳಿಂದ, ಡೆಕ್ ಬದಲಿಸಿದ ಮೇಲೆ ಆಟ ಉದ್ದವಾಗುತ್ತದೆ, ಆಗ ನಾಲ್ಕನೇ ಲ್ಯಾಂಡ್ ಸಿಗದೆ ನೆಮಿಸಿಸ್ ಕೈಯಲ್ಲೇ ಕೂತಿತು. ಈಗ ಮೊದಲ ಆಟಕ್ಕೆ 22, ಸೈಡ್‌ಬೋರ್ಡ್‌ನಲ್ಲಿ ಇನ್ನೊಂದು ಲ್ಯಾಂಡ್. ನಕ್ಕವರು ಇದ್ದಾರೆ. ಆಡಿ ನೋಡಿ, ಆಮೇಲೆ ಮಾತಾಡೋಣ.

ಒಂದೇ ಲ್ಯಾಂಡ್ ಇರುವ ಏಳು ಕಾರ್ಡ್ ಕೈಯನ್ನು ನಾನು ಯಾವಾಗ ಇಟ್ಟುಕೊಳ್ಳುತ್ತೇನೆ, ಕೆಂಪು ಎದುರು ಕೆಂಪು ಬಂದಾಗ ಯಾವ ನಾಲ್ಕು ಕಾರ್ಡ್ ತೆಗೆಯುತ್ತೇನೆ, ಇವೆರಡನ್ನು ಮಾತ್ರ ಬರೆಯಲ್ಲ. ನನ್ನ ಎದುರು ಕೂರುವವರಲ್ಲೂ ಕನ್ನಡದವರಿದ್ದಾರೆ.

ಪ್ರೊ ಟೂರ್‌ನಲ್ಲಿ ದಿನಕ್ಕೆ ಮೊದಲ ಮೂರು ರೌಂಡ್ ಡ್ರಾಫ್ಟ್ (ಅಲ್ಲೇ ಸಿಗುವ ಕಾರ್ಡ್‌ಗಳನ್ನು ಸರದಿಯಂತೆ ಆರಿಸಿ ಡೆಕ್ ಕಟ್ಟುವುದು) ಇರುತ್ತದಲ್ಲ, ಅದೇ ನನಗೆ ಭಯ. ಅದಕ್ಕೆ ಆರು ವಾರ ಅರೀನಾದಲ್ಲಿ ಬರೀ ಡ್ರಾಫ್ಟ್ ಆಡಿದೆ. ಬೇರೆ ಬಣ್ಣ ತೆರೆದಿದ್ದರೂ ಹಟ ಹಿಡಿದು ಕೆಂಪೇ ತೆಗೆದು ನೋಡಿದೆ, ಅದು ಡ್ರಾಫ್ಟ್‌ನಲ್ಲಿ ಕೆಲಸ ಮಾಡಲ್ಲ. ಮೊದಲ ಐದಾರು ಕಾರ್ಡ್ ನೋಡಿ ಬಣ್ಣ ಹಿಡಿಯುವುದೇ ಸರಿ. ಎರಡು ಮಾನಾಕ್ಕೆ ಆಡಬಹುದಾದ ಕಾರ್ಡ್‌ಗಳು ಮಾತ್ರ ಏಳಕ್ಕೆ ಕಮ್ಮಿ ಇರಬಾರದು.

ಮತ್ತೆ ಲೆಕ್ಕಕ್ಕೆ ಬರೋಣ. ಗೆದ್ದ ಪ್ರೋಮೊ ಕಾರ್ಡ್‌ಗಳನ್ನು ಅದೇ ವಾರ ಮಾರುತ್ತೇನೆ, ಹೊಸದರಲ್ಲೇ ಬೆಲೆ ಇರುವುದು. ಪ್ಯಾಕ್ ಯಾವತ್ತೂ ಒಡೆಯಲ್ಲ. ನಾಲ್ಕು ಜನ ಒಂದೇ ರೂಮ್, ಎಂಟು ಗಂಟೆ ದಾರಿಯಾದರೂ ಕಾರು. ದುಬಾರಿ ಕಾರ್ಡ್ ಬೇಕಾದರೆ ಎರವಲು, ಖರೀದಿ ಇಲ್ಲ. ಬಂದ ಬಹುಮಾನದಲ್ಲಿ ಕಾಲು ಭಾಗ ತೆರಿಗೆಗೆ ಬೇರೆ ಖಾತೆಯಲ್ಲಿ. ಹೀಗೆ ಇಡೀ ಸೀಸನ್‌ಗೆ ಖರ್ಚು ಸುಮಾರು ಎರಡೂವರೆ ಸಾವಿರ ಡಾಲರ್, ಬಂದದ್ದು ನಾಲ್ಕೂವರೆ ಸಾವಿರದ ಆಸುಪಾಸು. ದೊಡ್ಡ ಮೊತ್ತ ಅಲ್ಲ, ಗೊತ್ತು. ಆದರೆ ನಮ್ಮ ಅಂಗಡಿಯಲ್ಲಿ ಆ ಸೀಸನ್ ಲಾಭದಲ್ಲಿ ಮುಗಿಸಿದವನು ನಾನೊಬ್ಬನೇ. ಅದೂ ಕೆಲಸ ಬಿಡದೆ, ಬರೀ ಶನಿವಾರ ಭಾನುವಾರದ ಆಟದಲ್ಲಿ.

ರೀಜನಲ್‌ನಲ್ಲಿ ಕೊನೆಯ ರೌಂಡ್ ಗೆದ್ದರೆ ಮಾತ್ರ ಟಿಕೆಟ್ ಅನ್ನುವ ಸ್ಥಿತಿ ಇತ್ತು. ಎದುರಾಳಿ ನಾಲ್ಕು ಲೈಫ್‌ನಲ್ಲಿದ್ದ. ನನ್ನ ಕೈಯಲ್ಲಿ ಒಂದು ಬರ್ಸ್ಟ್ ಲೈಟ್ನಿಂಗ್, ಟೇಬಲ್ ಮೇಲೆ ನಾಲ್ಕು ಲ್ಯಾಂಡ್. ಕಿಕರ್ ಕೊಡಲು, ಅಂದರೆ ಹೆಚ್ಚು ಮಾನಾ ಕೊಟ್ಟು ಅದರಿಂದ ನಾಲ್ಕು ಲೈಫ್ ಕಳೆಯಲು, ಬೇಕಾಗಿದ್ದದ್ದು ಸರಿಯಾಗಿ ಐದು ಲ್ಯಾಂಡ್. ಮೇಲಿನ ಕಾರ್ಡ್ ಎಳೆದೆ. ಮೌಂಟನ್. ಸೈಡ್‌ಬೋರ್ಡ್‌ನಿಂದ ಒಳಗೆ ಬಂದ ಆ ಇನ್ನೊಂದು ಲ್ಯಾಂಡ್ ಇರದಿದ್ದರೆ ಅದು ಸಿಗುವ ಸಾಧ್ಯತೆ ಕಮ್ಮಿಯಾಗುತ್ತಿತ್ತು, ಅಷ್ಟೇ ನನ್ನ ವಾದ.

ಪ್ರೊ ಟೂರ್‌ನಲ್ಲಿ ಮೊದಲ ದಿನ ಎಂಟರಲ್ಲಿ ಐದು ಗೆದ್ದೆ, ಎರಡನೇ ದಿನ ಡ್ರಾಫ್ಟ್ ಕೈಕೊಟ್ಟಿತು. ಈಗ ಮುಂದಿನ ಸೆಟ್‌ಗೆ ಡೆಕ್ ಕಟ್ಟುತ್ತಿದ್ದೇನೆ. ಈ ಸಲ ಮೂರು ಮಾನಾ ಬೇಕಾಗುವ ಕಾರ್ಡ್‌ಗಳನ್ನು ಕಮ್ಮಿ ಮಾಡಿ ಮತ್ತೆ 21 ಲ್ಯಾಂಡ್ ಪ್ರಯತ್ನ ನಡೀತಿದೆ. ಮೂವತ್ತು ಆಟ ಆಗಿದೆ, ಇನ್ನೂ ಎಪ್ಪತ್ತು ಬಾಕಿ.