ತಾಯಿಮರದ ಲೆಕ್ಕ: ಬಾಣೆಯಲ್ಲಿ ಅಪರೂಪದ ಮರ ಬೆಳೆಸಿದ ನನ್ನ ಅನುಭವ

ನಮ್ಮ ಘಟ್ಟದ ಕಾಡಿನ ಧೂಪದ ಮರದ ಬೀಜ ಯಾರಿಗೂ ಕಾಯುವುದಿಲ್ಲ. ಮುಂಗಾರು ಹಿಡಿಯುವ ಹೊತ್ತಿಗೆ ಉದುರುತ್ತದೆ, ಬಿದ್ದಲ್ಲೇ ಮೊಳೆಯುತ್ತದೆ. ಒಣಗಿತೋ, ಸತ್ತಿತು. ಭತ್ತದ ಬೀಜದ ಹಾಗೆ ಒಣಗಿಸಿಟ್ಟು ಮುಂದಿನ ವರ್ಷ ಬಿತ್ತುವ ಮಾತೇ ಇಲ್ಲ. ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದವರು ವೇಕ್‌ಹರ್ಸ್ಟ್‌ನಲ್ಲಿ 2000ದಲ್ಲಿ ದೊಡ್ಡ ಬೀಜ ಬ್ಯಾಂಕ್ ತೆರೆದರು. ಅಲ್ಲಿ ಬೀಜಗಳನ್ನು ಚೆನ್ನಾಗಿ ಒಣಗಿಸಿ ಮೈನಸ್ 20 ಡಿಗ್ರಿ ಚಳಿಯಲ್ಲಿ ಇಡುತ್ತಾರೆ. ನಮ್ಮ ಮಳೆಕಾಡಿನ ಎಷ್ಟೋ ಮರಗಳಿಗೆ ಆ ದಾರಿ ಇಲ್ಲ. ಕಾಡಿನ ಹೊರಗೆ ಅವನ್ನು ಉಳಿಸಬೇಕಾದರೆ ನೆಲದಲ್ಲಿ ಬೇರು ಬಿಟ್ಟ ಗಿಡವಾಗಿಯೇ ಉಳಿಸಬೇಕು. ಸಸ್ಯೋದ್ಯಾನ ಬೇಕಾಗುವುದು ಅದಕ್ಕೇ.

ನಾನು ದಕ್ಷಿಣ ಕೊಡಗಿನ ಸಣ್ಣ ಬೆಳೆಗಾರ. ಕಾಫಿ, ಕರಿಮೆಣಸು, ಸ್ವಲ್ಪ ಗದ್ದೆ, ಅದಕ್ಕೆ ಸೇರಿದ ಬಾಣೆ, ಅಂದರೆ ಗದ್ದೆಯ ಜೊತೆಗೆ ಬರುವ ಮರಗಿಡದ ಏರುಜಾಗ. ನಮ್ಮ ಸುತ್ತಮುತ್ತ ನೆರಳಿಗೆ ಕಾಡುಮರ ಇದ್ದ ಜಾಗದಲ್ಲೆಲ್ಲ ಈಗ ಸಿಲ್ವರ್ ಓಕ್ ನಿಂತಿದೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟಗಿದೆ, ಕಡಿಯಲು ಅನುಮತಿಯ ತಾಪತ್ರಯವೂ ಇಲ್ಲ. ಬೆಳೆಗಾರರನ್ನು ನಾನು ದೂರುವುದಿಲ್ಲ. ಬೆಲೆ ಬಿದ್ದ ವರ್ಷ ಮನೆ ನಡೆಸುವುದು ಅದೇ ಮರ. ಆದರೆ ಒಂದು ಧೂಪವೋ ಬಿಳಿ ದೇವದಾರುವೋ ಹೋದರೆ ಹೋಯಿತು. ಅದರ ಜಾಗಕ್ಕೆ ಅದೇ ಜಾತಿಯ ಸಸಿ ನೆಡೋಣ ಅಂದರೆ ಸಾಮಾನ್ಯ ನರ್ಸರಿಗಳಲ್ಲಿ ಸಿಗುವುದಿಲ್ಲ. ಇದು ನಮ್ಮೂರಿನ ಪಾಡು ಮಾತ್ರ ಅಲ್ಲ. ಸಸ್ಯೋದ್ಯಾನಗಳ ಅಂತರರಾಷ್ಟ್ರೀಯ ಒಕ್ಕೂಟ ಬಿಜಿಸಿಐ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಗತ್ತಿನ ಸುಮಾರು 58,500 ಜಾತಿಯ ಮರಗಳಲ್ಲಿ 17,500ರಷ್ಟು ಅಳಿವಿನ ಅಪಾಯದಲ್ಲಿವೆ.

ನನ್ನ ಕಣ್ಣು ತೆರೆಸಿದ್ದು ವಯನಾಡಿನ ಪೆರಿಯದಲ್ಲಿರುವ ಗುರುಕುಲ ಸಸ್ಯಧಾಮ. ಕುಟ್ಟ ದಾಟಿ ಮಾನಂದವಾಡಿಗೆ ಹೋದರೆ ಅಲ್ಲಿಂದ ಹೆಚ್ಚು ದೂರವಿಲ್ಲ. ಜರ್ಮನಿಯಿಂದ ಬಂದ ವುಲ್ಫ್‌ಗ್ಯಾಂಗ್ ಥೊಯರ್‌ಕಾಫ್ 1981ರಲ್ಲಿ ಶುರು ಮಾಡಿದ ಜಾಗ ಅದು. ಕಾಡು ಕಡಿದ ಕಡೆಯಿಂದ ಗಿಡಗಳನ್ನು ತಂದು ಸಾಕಿದವರು ಅವರು. ಜರಿಗಿಡ, ಆರ್ಕಿಡ್, ಕರ್ಣಕುಂಡಲದ ಜಾತಿಯ ಪುಟ್ಟ ಹೂಗಿಡಗಳು, ಎಲ್ಲ ಪಶ್ಚಿಮ ಘಟ್ಟದವು. ಹುಲ್ಲುಹಾಸು, ಕಾರಂಜಿ ಇದ್ದರೇ ಸಸ್ಯೋದ್ಯಾನ ಅಂದುಕೊಳ್ಳುವವರು ಒಮ್ಮೆ ಇಂಥ ಜಾಗ ನೋಡಬೇಕು.

ನಾನೂ ಬಾಣೆಯ ಒಂದು ಮೂಲೆಯನ್ನು ಇಂಥ ಅಪರೂಪದ ಮರಗಳಿಗೆ ಬಿಟ್ಟೆ. ಧೂಪ, ಬಿಳಿ ದೇವದಾರು, ರಾಮಪತ್ರೆ, ಸೀತಾ ಅಶೋಕ ಮುಖ್ಯ. ಬೀಜಕ್ಕೆ ಮೊದಲು ನಮ್ಮ ಬಾಣೆ, ಆಮೇಲೆ ಸ್ನೇಹಿತರ ತೋಟ. ರಕ್ಷಿತಾರಣ್ಯದಿಂದ ಏನೂ ತರುವುದಿಲ್ಲ. ದೇವರಕಾಡಿನ ಬೀಜ ಬೇಕಾದಾಗ ಊರಿನ ತಕ್ಕರನ್ನು, ಅಂದರೆ ಊರಿನ ಹಿರಿಯ ಮುಖ್ಯಸ್ಥರನ್ನು ಕೇಳಿದೆ.

“ಅಲ್ಲಿಂದ ಕಡ್ಡಿಯೂ ತರಬಾರದು ಅಂತ ಗೊತ್ತುಂಟಲ್ವಾ?” ಅಂದರು.

“ಗೊತ್ತುಂಟು ತಕ್ಕರೆ. ಸಸಿ ಮಾಡಿ ಅರ್ಧ ಇಲ್ಲಿಗೇ ವಾಪಸ್ ತರ್ತೇನೆ.”

ಸ್ವಲ್ಪ ಹೊತ್ತು ಯೋಚಿಸಿ, “ಹಬ್ಬ ಮುಗಿಯಲಿ, ಆಮೇಲೆ ಬನ್ನಿ” ಅಂದರು. ಆ ಮಾತನ್ನು ಇಬ್ಬರೂ ಉಳಿಸಿಕೊಂಡಿದ್ದೇವೆ.

ಬೀಜ ಹುಡುಕುವುದರಲ್ಲಿ ನನಗಿಂತ ನಮ್ಮ ತೋಟದ ಜೇನುಕುರುಬ ಅಣ್ಣ ಮುಂದೆ. ಮಂಗಟ್ಟೆ ಹಕ್ಕಿ ಎಲ್ಲಿ ಕೂರುತ್ತದೆ ಅನ್ನುವುದನ್ನು ನೋಡಿಕೊಂಡೇ ಬಿಳಿ ದೇವದಾರುವಿನ ಹಣ್ಣು ಒಡೆದ ಸುದ್ದಿ ತರುತ್ತಾರೆ. ಆರಿಸಿದ ಬೀಜವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಗೋಣಿಚೀಲಕ್ಕೆ ಒದ್ದೆ ತರಗೆಲೆ ಹಾಕಿ, ನಡುವೆ ಬೀಜ ಇಟ್ಟು ತರುತ್ತೇವೆ. ಅದೇ ದಿನ ಮರಳಿನ ಮಡಿಯಲ್ಲಿ ಅಡ್ಡ ಮಲಗಿಸಿ, ಅರ್ಧ ಮುಚ್ಚಿ, ಮೇಲೆ ತರಗು ಹರಡುತ್ತೇವೆ. ಧೂಪದ ತಾಯಿಬೇರು ಉದ್ದ ಇಳಿಯುತ್ತದೆ, ಕಾಫಿ ಸಸಿಯ ಕವರ್ ಅದಕ್ಕೆ ಸಾಲದು. ಉದ್ದನೆಯ ಕವರ್ ಬೇಕು, ಇಲ್ಲದಿದ್ದರೆ ಬೇರು ಸುತ್ತಿಕೊಳ್ಳುತ್ತದೆ. ಮಣ್ಣಿಗೆ ತಾಯಿಮರದ ಬುಡದ ಒಂದು ಹಿಡಿ ಮಣ್ಣು ಬೆರೆಸುವುದನ್ನು ಮರೆಯಬೇಡಿ. ಧೂಪದ ಕುಟುಂಬದ ಮರಗಳ ಬೇರಿಗೆ ಕೂಡಿಕೊಂಡು ಬದುಕುವ ಶಿಲೀಂಧ್ರಗಳು ಆ ಮಣ್ಣಿನಲ್ಲಿರುತ್ತವೆ.

ಇಷ್ಟು ಕೆಲಸ ಕಾಫಿ ನರ್ಸರಿ ಮಾಡಿದ ಯಾರಿಗಾದರೂ ಬರುತ್ತದೆ. ಕಷ್ಟ ಇರುವುದು ಲೆಕ್ಕ ಇಡುವುದರಲ್ಲಿ. ಪಾರ್ಕಿಗೂ ಸಸ್ಯೋದ್ಯಾನಕ್ಕೂ ನಿಜವಾದ ವ್ಯತ್ಯಾಸ ಇರುವುದು ಈ ಲೆಕ್ಕದಲ್ಲೇ ಅಂತ ನನಗನ್ನಿಸುತ್ತದೆ. ಗಿಡ ಯಾವ ಜಾತಿ ಅನ್ನುವುದು ಸಾಲದು. ಯಾವ ಊರಿನ ಯಾವ ಮರದ ಬೀಜ, ಯಾವ ದಿನ ಆರಿಸಿದ್ದು, ಆ ಮರದ ಸುತ್ತ ಅದೇ ಜಾತಿಯ ಬೇರೆ ಮರ ಇತ್ತೇ, ಯಾರು ತಂದರು, ಎಷ್ಟು ಮೊಳೆಯಿತು, ಇವೆಲ್ಲ ಒಂದು ಉದ್ದ ಪುಸ್ತಕದಲ್ಲಿ ಇವೆ. ಪ್ರತಿ ತಾಯಿಮರಕ್ಕೂ ಒಂದು ನಂಬರ್, ಅದರ ಪ್ರತಿ ಸಸಿಗೂ ಒಂದು ನಂಬರ್. ತೆಳು ಅಲ್ಯೂಮಿನಿಯಂ ತಗಡನ್ನು ಕತ್ತರಿಸಿ, ಮೊಳೆಯಿಂದ ಗೀಚಿ ಬರೆಯುತ್ತೇವೆ. ಪೆನ್ನಿನ ಬರಹ ನಮ್ಮ ಮಳೆಗೆ ಒಂದು ಕಕ್ಕಡವೂ (ಜೋರು ಮಳೆಯ ಆಟಿ ತಿಂಗಳು) ತಡೆಯುವುದಿಲ್ಲ. ತಗಡನ್ನು ಗಿಡಕ್ಕೆ ಬಿಗಿಯಾಗಿ ಕಟ್ಟಿದರೆ ಕಾಂಡ ದಪ್ಪವಾದಂತೆ ತಂತಿ ಒಳಗೆ ಕೊರೆಯುತ್ತದೆ. ಹಾಗಾಗಿ ಪಕ್ಕದಲ್ಲಿ ಗೂಟ ಹೊಡೆದು ಅದಕ್ಕೆ ಕಟ್ಟುತ್ತೇವೆ. ಗೂಟದ ತುದಿಗೆ ಕೆಂಪು ಬಣ್ಣ. ಕಳೆ ಹೊಡೆಯುವ ಮಿಷನ್ ಹಿಡಿದವರಿಗೆ ಅದು ದೂರದಿಂದಲೇ ಕಾಣಬೇಕು. ಕಾಡುಹಂದಿಗಿಂತ ಆ ಮಿಷನ್ನಿಗೇ ಸಸಿಗಳು ಜಾಸ್ತಿ ಹೋಗುವುದು.

ಇಷ್ಟೆಲ್ಲ ಯಾಕೆ ಅಂದರೆ, ಒಂದೇ ಮರದಿಂದ ನೂರು ಸಸಿ ಮಾಡಿದರೆ ಅವು ನೂರೂ ಒಡಹುಟ್ಟಿದವು. ತೋಟದ ನಡುವೆ ಒಂಟಿಯಾಗಿ ನಿಂತ ಮರಕ್ಕೆ ಬೇರೆ ಮರದ ಪರಾಗ ಸಿಗುವುದು ಕಷ್ಟ. ಹತ್ತಿರದ ಸಂಬಂಧದಲ್ಲೇ ಹುಟ್ಟಿದ ಸಸಿ ಬಲಹೀನವಾಗುವ ಸಾಧ್ಯತೆ ಹೆಚ್ಚು. ಆದ್ದರಿಂದ ಒಂದು ಮರದಿಂದ ಸ್ವಲ್ಪ ಸ್ವಲ್ಪವೇ ಬೀಜ, ಆದರೆ ಬೇರೆ ಬೇರೆ ಊರಿನ ಎಷ್ಟು ಮರದಿಂದ ಆಗುತ್ತದೋ ಅಷ್ಟು.

ಒಂದೇ ಗಿಡ ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ ಕಾಫಿಯ ನೆಂಟನದ್ದೇ ಕಥೆ ಇದೆ. ಹಿಂದೂ ಮಹಾಸಾಗರದ ರಾಡ್ರಿಗಸ್ ದ್ವೀಪದ ಕೆಫೆ ಮರಾನ್ ಅನ್ನುವ ಗಿಡ ಕಾಫಿಯ ಕುಟುಂಬದ್ದೇ. ಅಳಿದೇ ಹೋಯಿತು ಅಂದುಕೊಂಡಿದ್ದರು. 1980ರ ಸುಮಾರಿಗೆ ಶಾಲೆಯ ಹುಡುಗನೊಬ್ಬನಿಗೆ ಒಂದೇ ಒಂದು ಗಿಡ ಸಿಕ್ಕಿತು. 1986ರಲ್ಲಿ ಅದರ ಕಡ್ಡಿಗಳು ಕ್ಯೂ ಉದ್ಯಾನಕ್ಕೆ ಹೋಗಿ ಚಿಗುರಿದವು, ಹೂವನ್ನೂ ಬಿಟ್ಟವು. ಕಾಯಿ ಮಾತ್ರ ಕಟ್ಟಲಿಲ್ಲ. ಅಲ್ಲಿನ ಕಾರ್ಲೋಸ್ ಮಗ್ದಲೇನಾ ಪಟ್ಟುಹಿಡಿದು ಪರಾಗ ಮುಟ್ಟಿಸುತ್ತಾ ಹೋಗಿ, 2003ರಲ್ಲಿ ಬೀಜ ಪಡೆದರು. ಆಮೇಲೆ ಬೀಜ ದ್ವೀಪಕ್ಕೆ ವಾಪಸಾಯಿತು. ಉದ್ಯಾನ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಆದರೆ ಒಂದೇ ಗಿಡ ಉಳಿಯುವವರೆಗೆ ಕಾದರೆ ಎಷ್ಟು ಒದ್ದಾಡಬೇಕು ನೋಡಿ.

2018ರ ಆಗಸ್ಟ್ ಮಳೆಯಲ್ಲಿ ಮಡಿಕೇರಿ, ಮಾದಾಪುರ ಕಡೆ ಬೆಟ್ಟಗಳೇ ಜಾರಿದವು. ಮನೆ, ಜನ, ತೋಟ ಹೋದ ದುಃಖದ ಮುಂದೆ ಮರದ ಮಾತು ಸಣ್ಣದು. ಆದರೂ ಹೇಳುತ್ತೇನೆ. ಆ ಕಡೆಯ ಸ್ನೇಹಿತರ ತೋಟದಲ್ಲಿ ನಾವು ಬೀಜ ಆರಿಸಿದ್ದ ಒಂದು ಬಿಳಿ ದೇವದಾರು ಮಣ್ಣಿನ ಜೊತೆ ಹೋಯಿತು. ಅದರ ಮಕ್ಕಳು ನಮ್ಮ ಬಾಣೆಯಲ್ಲಿದ್ದವು, ಯಾವುವು ಅಂತ ಪುಸ್ತಕ ನೋಡಿದರೆ ಗೊತ್ತಾಗುತ್ತಿತ್ತು. ನೆಲ ಗಟ್ಟಿಯಾದ ಮೇಲೆ ಅವುಗಳಲ್ಲಿ ಕೆಲವನ್ನು ಅದೇ ತೋಟಕ್ಕೆ ಕೊಟ್ಟೆವು. ನಂಬರ್ ಇರದಿದ್ದರೆ ಸುಮ್ನೆ ಯಾವುದೋ ದೇವದಾರು ಕೊಡಬೇಕಾಗುತ್ತಿತ್ತು.

ಇದರಿಂದ ಕಾಡಿಗೆ ಬದಲಿ ಸಿಕ್ಕಿತು ಅಂತ ಯಾರೂ ತಿಳಿಯಬಾರದು. ನನ್ನ ಮೂಲೆಯಲ್ಲಿ ಮರ ಇದೆ, ಅದನ್ನು ನಂಬಿದ ಹಕ್ಕಿ, ಹುಳ, ಬಳ್ಳಿ ಎಲ್ಲ ಇಲ್ಲ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳ ಒತ್ತುವರಿ ನಿಲ್ಲದೆ ಸಸಿ ಬೆಳೆಸಿ ಏನು ಪ್ರಯೋಜನ? ಸಸಿಗಳು ಕೊನೆಗೆ ಹೋಗಿ ಸೇರಬೇಕಾದ ಮನೆ ಅದು.

ನಿಮ್ಮ ಬಾಣೆಯಲ್ಲಿ ಹಳೇ ಧೂಪವೋ ದೇವದಾರುವೋ ಇದ್ದರೆ ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲೆ ಆಗಾಗ ತಲೆ ಎತ್ತಿ ಕಾಯಿ ನೋಡಿ. ಮರ ಯಾವುದೆಂದು ಗೊತ್ತಾಗದಿದ್ದರೆ ಎಲೆ, ಕಾಯಿ ಹಿಡಿದುಕೊಂಡು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ವಿಚಾರಿಸಿ. ಕಡಿಯಲೇಬೇಕಾದ ಮರವಾದರೆ ಒಂದು ಮಳೆಗಾಲ ತಡೆಯಿರಿ, ಬೀಜ ಬೀಳಲಿ. ಸಸಿ ಯಾರಿಗೆ ಕೊಟ್ಟರೂ ಊರು, ಮರ, ತಾರೀಖು ಬರೆದ ಚೀಟಿ ಜೊತೆಗಿರಲಿ. ನಾನು ಕೊಡುವಾಗ ಇನ್ನೊಂದು ಮಾತೂ ಹೇಳುತ್ತೇನೆ: ಗಿಡ ಸತ್ತರೆ ಮುಜುಗರ ಪಡಬೇಡಿ, ನಂಬರ್ ಹೇಳಿ ತಿಳಿಸಿ. ಅದೇ ತಾಯಿಯ ಇನ್ನೊಂದು ಸಸಿ ಇದ್ದರೆ ಕೊಡುತ್ತೇನೆ, ಇಲ್ಲದಿದ್ದರೆ ಮುಂದಿನ ಜೂನ್‌ನಲ್ಲಿ ಆ ಮರದ ಕೆಳಗೆ ಮತ್ತೆ ಹೋಗುತ್ತೇವೆ.