ಟ್ರೇಲ್‌ನ ಒಂದು ಭಾಗ ನಡೆಯುವವರಿಗೆ: ಮೊದಲು ರಸ್ತೆ ನೋಡಿ, ಆಮೇಲೆ ಕಿಲೋಮೀಟರ್

ಉದ್ದದ ಟ್ರೇಲ್‌ನ (ಬೆಟ್ಟ-ಕಾಡಿನ ಕಾಲುದಾರಿಯ) ಒಂದು ಭಾಗವನ್ನು ನಾಲ್ಕೈದು ದಿನ ನಡೆಯೋಣ ಅಂದುಕೊಂಡವರು ಮೊದಲು ಕಿಲೋಮೀಟರ್ ಲೆಕ್ಕ ಹಾಕುತ್ತಾರೆ. ನನ್ನ ಕೇಳಿದರೆ, ಮೊದಲು ನೋಡಬೇಕಾದ್ದು ಟ್ರೇಲ್ ಎಲ್ಲೆಲ್ಲಿ ರಸ್ತೆಗೆ ಸಿಗುತ್ತದೆ ಅನ್ನೋದು. ಶುರು, ಕೊನೆ ಎರಡೂ ಅಂಥ ಜಾಗವೇ ಆಗಿರಲಿ. ಸ್ವಂತ ಗಾಡಿ ಇದ್ದರೆ ಕೊನೆಯ ಜಾಗದಲ್ಲೇ ನಿಲ್ಲಿಸಿ, ಶುರುವಿನ ಜಾಗಕ್ಕೆ ಬಸ್ಸೋ ಬಾಡಿಗೆ ಗಾಡಿಯೋ ಹಿಡಿಯಿರಿ. ಆಗ ಕೊನೇ ದಿನ ಬಸ್ ತಪ್ಪುತ್ತೆ ಅಂತ ಓಡಬೇಕಿಲ್ಲ. ನಡುವೆ ಬರುವ ರಸ್ತೆಗಳನ್ನೂ ಗುರುತು ಹಾಕಿಕೊಳ್ಳಿ. ಕಾಲು ಉಳುಕಿದರೆ ಹೊರಬರಲು ಅವೇ ದಾರಿ.

ದಿನಕ್ಕೆ ಎಷ್ಟು ನಡೆಯಬೇಕು ಅನ್ನೋದು ದೂರಕ್ಕಿಂತ ಏರಿನ ಮೇಲೆ ನಿಂತಿದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಯ್ಸ್‌ಮಿತ್ ಕೊಟ್ಟ ಲೆಕ್ಕ ಈಗಲೂ ಬಳಕೆಯಲ್ಲಿದೆ. ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 15 ಕಿ.ಮೀ., 900 ಮೀಟರ್ ಏರು ಅಂದರೆ ನಾಲ್ಕೂವರೆ ಗಂಟೆ. ಇದರಲ್ಲಿ ಊಟ, ಸುಧಾರಿಸಿಕೊಳ್ಳೋದು ಯಾವುದೂ ಸೇರಿಲ್ಲ. ಟೆಂಟು, ಅಡುಗೆ ಸಾಮಾನು ಹೊತ್ತರೆ ಆರೂವರೆ, ಏಳು ಗಂಟೆ ಇಟ್ಟುಕೊಳ್ಳಿ. ಮೊದಲ ದಿನ ಬೇಕಂತಲೇ ಕಡಿಮೆ ನಡೆಯಿರಿ. ಚೀಲ ಜಾಸ್ತಿ ಭಾರ ಇರೋದು ಅವತ್ತೇ ಅಲ್ವಾ?

ನೀರು ಲೀಟರಿಗೆ ಒಂದು ಕೆ.ಜಿ. ತೂಗುತ್ತದೆ, ಸುಮ್ನೆ ಹೊರಬೇಡಿ. ಮುಂದಿನ ತೊರೆ ಎಷ್ಟು ದೂರ ನೋಡಿಕೊಂಡು ತುಂಬಿಸಿ. ನಕ್ಷೆಯಲ್ಲಿ ಬಿಟ್ಟುಬಿಟ್ಟು ಎಳೆದ ನೀಲಿ ಗೆರೆ ಇದ್ದರೆ ಅದನ್ನು ನಂಬಬೇಡಿ, ಸಾಮಾನ್ಯವಾಗಿ ಅದು ಬೇಸಿಗೆಯಲ್ಲಿ ಬತ್ತುವ ತೊರೆ.